ಪ್ರಕಟಣೆಯಲ್ಲಿ ಒಂದು ತಿದ್ದುಪಡಿ

ಮೇ ೧೯, ಸೋಮವಾರ
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳೇ,

ನೀವು ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಾವಿಬ್ಬರೂ ಇಲ್ಲಿ ಉಸಿರಾಡಿಕೊಂಡಿದ್ದೇವೆ. ನಿನ್ನ ಪತ್ರ ಬಂದು ಹದಿನೇಳು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯದೆ ಕೂತಿದ್ದೆ ಅಂತಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರ ತುಂಬ ಬೈಗುಳವೇ ಇತ್ತು. ಎರಡನೆಯದರಲ್ಲಿ ಬೈಗುಳ ತೆಗೆದೆ, ಏನೂ ಉಳಿಯಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಾದರೆ ಎಂಥ ವಿಷಯವನ್ನೂ ನಾನು ಪ್ರಕಟಣೆ ಓದಿದ ಹಾಗೆ ಓದಿಬಿಡುತ್ತೇನೆ. ಇಪ್ಪತ್ತಾರು ವರ್ಷದ ಚಾಳಿ.

ತಿಂಗಳ ಕೊನೆಗೆ ನಿನ್ನ ಮರಿಗೆ ರಜೆ, ಆಗ ಊರಲ್ಲಿ ಏನೇನು ಕಾರ್ಯಕ್ರಮವಿದೆ ತಿಳಿಸು ಎಂದು ಕೇಳಿದ್ದೀಯ. ಮೊದಲು ಅದನ್ನೇ ಬರೆದುಬಿಡುತ್ತೇನೆ, ಆಮೇಲೆ ನನ್ನ ತಲೆ ನೆಟ್ಟಗಿರುತ್ತದೋ ಇಲ್ಲವೋ. ಇಪ್ಪತ್ತನಾಲ್ಕು ಶನಿವಾರ ಸಂಜೆ ಉದ್ಯಾನದಲ್ಲಿ ನಾಯಿಗಳ ಪ್ರದರ್ಶನ. ನಮ್ಮ ಬೀದಿಯ ಹಲ್ಲಿನ ಡಾಕ್ಟರು ತಮ್ಮ ಮುದಿ ನಾಯಿಯನ್ನು ಈ ಸಲವೂ ಕರೆದೊಯ್ಯುತ್ತಾರಂತೆ. ಹೋದ ವರ್ಷ ಅದು ತೀರ್ಪುಗಾರರ ಕಾಲ ಮೇಲೆ ಮಲಗಿ ನಿದ್ದೆ ಹೋಗಿ ಸಮಾಧಾನಕರ ಬಹುಮಾನ ಹೊಡೆದಿತ್ತು. ಇಪ್ಪತ್ತೈದಕ್ಕೆ ಈಜುಕೊಳದಲ್ಲಿ ಮಕ್ಕಳ ಸ್ಪರ್ಧೆ. ಇಪ್ಪತ್ತೆಂಟು ಬುಧವಾರ ಗ್ರಂಥಾಲಯದಲ್ಲಿ ಗೊಂಬೆಗಳನ್ನು ಆಡಿಸಿ ಕಥೆ ಹೇಳುತ್ತಾರೆ. ಮೂವತ್ತು, ಮೂವತ್ತೊಂದು ಪುರಭವನದಲ್ಲಿ ಜಾದೂ. ಫುಟ್‌ಬಾಲ್ ಮೈದಾನಕ್ಕೆ ದೊಡ್ಡ ತಿರುಗುಚಕ್ರ ಬಂದು ನಿಂತಿದೆ, ಮರಿಗೆ ಅದು ಸಾಕು.

ಇದನ್ನೆಲ್ಲ ಈ ಸಲ ಊರಿಗೆ ಮೈಕಿನಲ್ಲಿ ಸಾರುತ್ತಿರುವುದು ನಾನಲ್ಲ. ನೀನು ಬಸ್ಸಿಳಿದಾಗ ಬೇರೆ ಯಾರದೋ ದನಿ ಕೇಳುತ್ತದೆ, ಗಾಬರಿಯಾಗಬೇಡ. ಪಕ್ಕದ ಊರಿನಿಂದ ಕರೆಸಿದ್ದಾರೆ. ಜ್ವರ ಬಂದವನ ಹಾಗೆ ಓದುತ್ತಾನೆ, ‘ಪ್ರದರ್ಶನ’ವನ್ನು ‘ಪ್ರದಕ್ಷಿಣ’ ಅನ್ನುತ್ತಾನೆ. ನಾಯಿಗಳ ಪ್ರದಕ್ಷಿಣ. ಕೇಳಿ ನಿಮ್ಮಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಆದದ್ದು ಇಷ್ಟು. ಮೇ ಮೂರರ ಶನಿವಾರ ಪುರಭವನದಲ್ಲಿ ಹಾಡಿನ ಸ್ಪರ್ಧೆಯಿತ್ತು. ಮೊದಲಾದರೆ ಗೆದ್ದವರಿಗೆ ಒಂದು ಕಪ್ಪು ಕೊಟ್ಟು ಕಳಿಸುತ್ತಿದ್ದರು. ಮೂರು ವರ್ಷದಿಂದ ದೊಡ್ಡ ಊರಿನ ಸಂಗೀತ ಶಾಲೆಯವರು ಮೊದಲ ಸ್ಥಾನ ಬಂದವರಿಗೆ ಎರಡು ವರ್ಷ ಊಟ, ವಸತಿ, ಪಾಠ ಎಲ್ಲ ಕೊಡುತ್ತೇವೆ ಎಂದಿದ್ದಾರೆ. ಹಾಗಾಗಿ ಸ್ಪರ್ಧೆಗೆ ಈಗ ಬೆಲೆ ಬಂದಿದೆ. ಬೆಲೆ ಬಂದ ಮೇಲೆ ಕೈಯಾಡಿಸುವವರೂ ಬರುತ್ತಾರೆ.

ಈ ಸಲ ಹನ್ನೊಂದು ಮಕ್ಕಳು ಹಾಡಿದರು. ಬೆನ್ನಿಗೆ ನಂಬರಿನ ಚೀಟಿ, ಹೆಸರು ಹೇಳುವಂತಿಲ್ಲ, ಪಕ್ಷಪಾತ ಆಗಬಾರದಂತೆ. ಒಂಬತ್ತನೇ ನಂಬರಿನವಳು ನಮ್ಮ ಇಸ್ತ್ರಿಯಂಗಡಿಯವಳ ಮಗಳು. ಹದಿನಾರು ವರ್ಷ, ಒಣಕಲು ಕಡ್ಡಿ, ಕಡ್ಡಿ ಅಂತಲೇ ಕರೆಯುತ್ತಾರೆ. ಆ ಮೈಯಿಂದ ಅಂಥ ದನಿ ಹೇಗೆ ಹೊರಡುತ್ತದೋ ತಿಳಿಯದು. ಎರಡನೇ ಸಾಲಿಗೆ ಬರುವಷ್ಟರಲ್ಲಿ ನಿಮ್ಮಪ್ಪ ಆಂಪ್ಲಿಫೈಯರಿನ ಗುಂಡಿಯಿಂದ ಕೈ ತೆಗೆದರು. ಹಾಡುವವರ ತಪ್ಪು ಮುಚ್ಚಲು ಅವರು ಸದಾ ಏನಾದರೂ ತಿರುಗಿಸುತ್ತಲೇ ಇರುತ್ತಾರಲ್ಲ, ಅವಳಿಗೆ ಏನನ್ನೂ ತಿರುಗಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವರೂ ನಿಲ್ಲಿಸಿದರು. ಅವಳು ಮುಗಿಸಿದಾಗ ಗೆದ್ದವರು ಯಾರೆಂದು ಕೇಳುವ ಅಗತ್ಯವೇ ಸಭೆಗೆ ಇರಲಿಲ್ಲ.

ತೀರ್ಪುಗಾರರು ಸಂಗೀತ ಮೇಷ್ಟರು ಒಬ್ಬರೇ. ನಿನಗೂ ಶಾಲೆಯಲ್ಲಿ ಪಾಠ ಹೇಳಿದವರು. ಅಂಕ ಕೂಡಿಸಿ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಮೊದಲ ಸ್ಥಾನ ಒಂಬತ್ತು, ಎರಡನೆಯದು ನಾಲ್ಕು. ನಾನು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದೆ. ಅಲ್ಲಿ ಪುರಭವನ ನಡೆಸುವ ಕಲಾ ಸಂಘದ ಕಾರ್ಯದರ್ಶಿ, ಊರೆಲ್ಲ ರಬ್ಬರ್ ಸ್ಟಾಂಪ್ ಅನ್ನುತ್ತದಲ್ಲ ಆ ಮಹಾಶಯ, ಅಡ್ಡ ನಿಂತ. ಕೈಯಲ್ಲಿದ್ದ ಚೀಟಿಯನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತೆಗೆದುಕೊಂಡು ಇನ್ನೊಂದನ್ನು ಇಟ್ಟ. ಮೇಷ್ಟರು ಮತ್ತೆ ಕೂಡಿಸಿ ನೋಡಿದರಂತೆ, ಇದು ಸರಿಯಾದದ್ದಂತೆ. ಹೊಸ ಚೀಟಿಯಲ್ಲಿ ನಾಲ್ಕು ಮೇಲಿತ್ತು, ಒಂಬತ್ತು ಕೆಳಗಿತ್ತು. ನಾಲ್ಕನೇ ನಂಬರಿನವಳು ಸಂಘದ ಅಧ್ಯಕ್ಷರ ತಂಗಿಯ ಮಗಳು. ನಾನು ತಿರುಗಿ ಮೇಷ್ಟರ ಕಡೆ ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು. ಒರೆಸಿದರು, ಒರೆಸಿದರು, ಗಾಜು ಸವೆಯುವಷ್ಟು ಒರೆಸಿದರು, ತಲೆ ಮಾತ್ರ ಎತ್ತಲಿಲ್ಲ.

ನಾನು ಓದಿದೆ ಮಗಳೇ. ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ, ತೊದಲದೆ, ನನ್ನ ಅತ್ಯುತ್ತಮ ದನಿಯಲ್ಲಿ ಓದಿದೆ. ‘ಮೊದಲ ಸ್ಥಾನ’ ಎಂದು ಹೇಳಿ ಒಂದು ಕ್ಷಣ ನಿಲ್ಲುವುದು ನನ್ನ ರೂಢಿ, ಜನಕ್ಕೆ ಕುತೂಹಲ ಹುಟ್ಟಲಿ ಅಂತ. ಆ ಒಂದು ಕ್ಷಣದಲ್ಲಿ ಮೂರನೇ ಸಾಲಿನಲ್ಲಿ ಕಡ್ಡಿ ಕುರ್ಚಿಯಿಂದ ಅರ್ಧ ಎದ್ದಿದ್ದಳು. ನಾನು ನಾಲ್ಕು ಅಂದೆ. ಅವಳು ಲಂಗ ಸರಿಮಾಡಿಕೊಳ್ಳಲು ಎದ್ದವಳ ಹಾಗೆ ಅದನ್ನು ಎರಡು ಸಲ ಕೊಡವಿ ಕೂತಳು. ಮೊದಲು ಚಪ್ಪಾಳೆ ತಟ್ಟಿದವಳು ಅವಳ ತಾಯಿ. ಯಾರಿಗಾದರೂ ಬಹುಮಾನ ಬಂದರೆ ತಟ್ಟಬೇಕು ಅಂತಷ್ಟೇ ಆ ಹೆಂಗಸಿಗೆ ಗೊತ್ತಿದ್ದದ್ದು.

ಭಾನುವಾರ ನಾನು ಊಟ ಮಾಡಲಿಲ್ಲ. ಸೋಮವಾರ ಮೇಷ್ಟರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮತ್ತೆ ಕೂಡಿಸಿದ್ದು ನಿಜವೇ ಎಂದು ಕೇಳಿದೆ. ಸುಳ್ಳು ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದಾರೆ. ಒಂಬತ್ತಕ್ಕೆ ತೊಂಬತ್ತೊಂದು ಕೊಟ್ಟಿದ್ದೆ, ನಾಲ್ಕಕ್ಕೆ ಎಪ್ಪತ್ತೆಂಟು ಅಂದರು. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದೆ.

“ಯಾರಾದ್ರೂ ಕೇಳಿದ್ರೆ ಹೇಳ್ತೀನಮ್ಮ. ಇದ್ದದ್ದು ಇದ್ದ ಹಾಗೇ ಹೇಳ್ತೀನಿ.”

“ಯಾರು ಕೇಳ್ತಾರೆ ಮೇಷ್ಟ್ರೇ?”

“ಯಾರೂ ಕೇಳಲ್ಲ. ಅದಕ್ಕೇ ಧೈರ್ಯವಾಗಿ ಹೇಳ್ತಿದೀನಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂವತ್ತು ವರ್ಷ ಮಕ್ಕಳಿಗೆ ಶ್ರುತಿ ತಪ್ಪಬೇಡಿ ಎಂದು ಬೆತ್ತ ತೋರಿಸಿದ ಮನುಷ್ಯ ಇವರು. ಹುರುಳಿಕಾಯಿ ಒಂದು ಹಿಡಿ ತೆಗೆದುಕೊಂಡು ಹೋಗಮ್ಮ, ಎಳೆಯದಿದೆ ಅಂದರು. ಬುಟ್ಟಿಯನ್ನು ಅವರ ತಲೆಗೆ ಸುರಿಯಬೇಕು ಅನಿಸಿತು. ಬೇಡವೆಂದು ಎದ್ದು ಬಂದೆ.

ಬುಧವಾರ ಪುರಭವನದ ಕಚೇರಿಗೆ ಹೋದೆ. ಮುಂದಿನ ವಾರದ ಕಾರ್ಯಕ್ರಮಗಳ ಪಟ್ಟಿ ಇಸಿದುಕೊಳ್ಳಲು ಪ್ರತಿ ಬುಧವಾರ ಹೋಗಲೇಬೇಕಲ್ಲ. ಗುರುವಾರ ಬೆಳಿಗ್ಗೆ ವ್ಯಾನಿನಲ್ಲಿ ಊರು ಸುತ್ತಿ ಸಾರಬೇಕು. ರಬ್ಬರ್ ಸ್ಟಾಂಪ್ ಪಟ್ಟಿ ಬರೆಯುತ್ತ ಕೂತಿದ್ದ. ನಾನು ನಿಂತೇ ಕೇಳಿದೆ, ಚೀಟಿ ಬದಲಾದದ್ದು ಯಾಕೆ ಅಂತ. ಮೊದಲು ನಕ್ಕ. ಆಮೇಲೆ ಬುದ್ಧಿ ಹೇಳಲು ಶುರುಮಾಡಿದ. ಇಸ್ತ್ರಿ ಹಾಕುವವಳ ಮಗಳು ಅಷ್ಟು ದೂರ ಹೋಗಿ ದೊಡ್ಡವರ ಮಕ್ಕಳ ಜೊತೆ ಹಾಸ್ಟೆಲಿನಲ್ಲಿ ಹೇಗೆ ಇದ್ದಾಳು, ಅವಳಿಗೂ ಕಷ್ಟ, ಅವರಮ್ಮನಿಗೂ ಕೈಯಾಳು ತಪ್ಪುತ್ತದೆ, ನಾವು ಅವಳ ಒಳ್ಳೆಯದಕ್ಕೇ ಯೋಚಿಸಿದ್ದು. ಕಳ್ಳತನ ಮಾಡಿ, ಕದ್ದದ್ದು ನಿನ್ನ ಹೊರೆ ಇಳಿಸಲಿಕ್ಕೆ ಎಂದು ಹೇಳುವ ಕಳ್ಳನನ್ನು ನೀನು ನೋಡಿದ್ದೀಯ? ನಾನು ನೋಡಿದೆ. ಎದುರಿಗೆ ಕೂತು ಟೀ ಕುಡಿಯುತ್ತಿದ್ದ.

ನಿಮ್ಮ ಸುಳ್ಳನ್ನು ನನ್ನ ಬಾಯಿಂದ ಯಾಕೆ ಹೇಳಿಸಿದಿರಿ ಎಂದು ಕೇಳಿದೆ. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಅಕ್ಷರ ಬಿಡದೆ ಬರೆಯುತ್ತೇನೆ.

“ನೀವು ಓದೋರು, ಅಷ್ಟೇ ಅಲ್ವಾ ಅಮ್ಮ. ಮೈಕು ಎಲ್ಲಾದ್ರೂ ಅಭಿಪ್ರಾಯ ಹೇಳುತ್ತಾ?”

ಹೇಳಿ ಪಟ್ಟಿಯನ್ನು ಮುಂದೆ ತಳ್ಳಿದ. ಭಾನುವಾರ ಹೂವಿನ ಪ್ರದರ್ಶನ, ಮಂಗಳವಾರ ಉಚಿತ ಕಣ್ಣಿನ ತಪಾಸಣೆ, ಗುರುವಾರ ಚದುರಂಗ. ತೆಗೆದುಕೊಂಡು ಬಂದೆ. ದಾರಿಯಲ್ಲಿ ಯಾರು ಮಾತಾಡಿಸಿದರು, ಯಾರು ಇಲ್ಲ, ಒಂದೂ ನೆನಪಿಲ್ಲ.

ಸಂಜೆ ನಿಮ್ಮಪ್ಪನಿಗೆ ಹೇಳಿದೆ, ನಾಳೆ ರೆಕಾರ್ಡ್ ಮಾಡಿದ್ದನ್ನು ಹಾಕುವುದು ಬೇಡ, ನಾನೇ ಮೈಕ್ ಹಿಡಿದು ಓದುತ್ತೇನೆ, ಪಟ್ಟಿಯ ಕೊನೆಗೆ ಒಂದು ತಿದ್ದುಪಡಿ ಇದೆ ಅಂತ. ಅವರು ಸ್ಪೀಕರೊಂದರ ಹೊಟ್ಟೆ ಬಿಚ್ಚಿ ಬೆಸುಗೆ ಹಾಕುತ್ತ ಕೂತಿದ್ದರು. ಅವರಿಗೆ ಅರ್ಥವಾಯಿತು. “ಊರಲ್ಲಿ ಇರೋದು ಒಂದೇ ಪುರಭವನ ಕಣೇ. ಅದರ ಬಾಗಿಲು ಮುಚ್ಚಿಸ್ಕೊಂಡ್ರೆ ಈ ಪೆಟ್ಟಿಗೆಗಳನ್ನೆಲ್ಲ ಎಲ್ಲಿ ಹೊತ್ಕೊಂಡು ಹೋಗ್ಲಿ?” ಅಂದರು. ನಾನು ಜಗಳ ಆಡಿದೆ. ನಿನಗೆ ಗೊತ್ತಲ್ಲ, ನಿಮ್ಮಪ್ಪನ ಜೊತೆ ಜಗಳ ಆಡುವುದೆಂದರೆ ನೀರಿಗೆ ಗುದ್ದಿದ ಹಾಗೆ. ಬೆಸುಗೆ ಹಾಕುತ್ತಲೇ ಇದ್ದರು. ಹೇಡಿ ಅಂದುಬಿಟ್ಟೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ.

ಬೆಳಿಗ್ಗೆ ಎದ್ದಾಗ ಅವರು ಮನೆಯಲ್ಲಿರಲಿಲ್ಲ. ಸಿಟ್ಟು ಮಾಡಿಕೊಂಡು ಎಲ್ಲೋ ಹೋದರು, ವ್ಯಾನ್ ಓಡಿಸಲು ಬಾಡಿಗೆಗೆ ಯಾರನ್ನಾದರೂ ಹುಡುಕೋಣ ಎಂದುಕೊಂಡು ಬಾಗಿಲು ತೆಗೆದರೆ ವ್ಯಾನಿನ ಮೇಲೆ ಹತ್ತಿ ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ನೋಡದೆಯೇ ಹೇಳಿದರು:

“ಒಂದು ಹಾರ್ನ್ ಸಾಲಲ್ಲ. ಎರಡು ಕಟ್ಟಿದೀನಿ.”

ಗಡಿಯಾರದ ವೃತ್ತದಿಂದ ಹೊರಟೆವು. ಹೂವಿನ ಪ್ರದರ್ಶನ ಹೇಳಿದೆ, ಕಣ್ಣಿನ ತಪಾಸಣೆ ಹೇಳಿದೆ, ಚದುರಂಗ ಹೇಳಿದೆ. ಆಮೇಲೆ ಹೇಳಿದ್ದು ಇದು: ‘ಪ್ರಕಟಣೆಯಲ್ಲಿ ಒಂದು ತಿದ್ದುಪಡಿ. ಕಳೆದ ಶನಿವಾರದ ಹಾಡಿನ ಸ್ಪರ್ಧೆಯ ಫಲಿತಾಂಶವನ್ನು ನಾನು ತಪ್ಪಾಗಿ ಓದಿದೆ. ತಪ್ಪೆಂದು ಗೊತ್ತಿದ್ದೂ ಓದಿದೆ. ತೀರ್ಪುಗಾರರು ನನ್ನ ಕೈಗೆ ಕೊಟ್ಟ ಚೀಟಿಯಲ್ಲಿ ಮೊದಲ ಸ್ಥಾನ ಒಂಬತ್ತನೇ ನಂಬರಿಗೆ ಇತ್ತು. ಅನುಮಾನವಿದ್ದವರು ಸಂಗೀತ ಮೇಷ್ಟರನ್ನು ಕೇಳಬಹುದು. ಕೇಳಿದರೆ ಹೇಳುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ.’

ಅಂಚೆ ಕಚೇರಿಯ ಬೀದಿಯಲ್ಲಿ ಜನ ಕಿಟಕಿಗೆ ಬಂದರು. ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ, ಅರ್ಧ ಕ್ಷೌರವಾದ ಗಿರಾಕಿ ಬಟ್ಟೆ ಹೊದ್ದುಕೊಂಡೇ ಅವನ ಹಿಂದೆ ಬಂದ. ನಿಮ್ಮಪ್ಪ ಎಲ್ಲೂ ವೇಗ ಹೆಚ್ಚಿಸಲಿಲ್ಲ. ಅಧ್ಯಕ್ಷರ ಮನೆಯ ಮುಂದೆ ಇನ್ನೂ ನಿಧಾನ ಮಾಡಿದರು. ಹನ್ನೊಂದು ಬೀದಿ, ಪ್ರತಿ ಬೀದಿಗೆ ಎರಡು ಸಲ. ಪುರಭವನದ ಮುಂದೆ ಮೂರು ಸಲ, ಅದು ನನ್ನ ಕಡೆಯಿಂದ ಹೆಚ್ಚುವರಿ.

ಇಸ್ತ್ರಿಯಂಗಡಿಯ ಮುಂದೆ ಬಂದಾಗ ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಕೇಳಿದಳು. ಕೆಳಗಿಟ್ಟರೆ ಯಾರದೋ ಅಂಗಿ ಸುಡುತ್ತದಲ್ಲ. ಕಡ್ಡಿ ಹೊರಗೆ ಬಂದಳು. ವ್ಯಾನಿನ ಕಿಟಕಿಯ ಹತ್ತಿರ ಬಂದು ನಿಂತಳು. ನಾನು ಹುಚ್ಚಿ, ಅವಳು ಅಳುತ್ತಾಳೆ, ನನ್ನ ಕೈ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಮೈಕಿನ ಗುಂಡಿ ಆರಿಸಿದೆ.

“ಕೇಳಿಸ್ತು ಆಂಟಿ,” ಅಂದಳು. “ಆದ್ರೆ ಅವತ್ತೇ ಹೇಳ್ಬೇಕಿತ್ತು. ಅಮ್ಮ ಚಪ್ಪಾಳೆ ಹೊಡೆದುಬಿಟ್ಳು.”

ಅಷ್ಟು ಹೇಳಿ ಒಳಗೆ ಹೋದಳು. ನಿಮ್ಮಪ್ಪ ಗಾಡಿ ಮುಂದಕ್ಕೆ ಬಿಟ್ಟರು. ಮುಂದಿನ ಎರಡು ಬೀದಿಯಲ್ಲಿ ಏನು ಓದಿದೆನೋ ಗೊತ್ತಿಲ್ಲ.

ಆಮೇಲಿನದನ್ನು ಬೇಗ ಹೇಳುತ್ತೇನೆ. ಮಧ್ಯಾಹ್ನಕ್ಕೆ ಪೊಲೀಸಿನವನೊಬ್ಬ ಬಂದು ಅನುಮತಿ ಪತ್ರ ನೋಡಿದ. ಸರಿಯಾಗಿಯೇ ಇತ್ತು, ನೀರು ಕುಡಿದು ಹೋದ. ಸಂಜೆಗೆ ಸಂಘದ ಪತ್ರ ಬಂತು. ಇನ್ನು ಮೇಲೆ ಪುರಭವನದ ಧ್ವನಿವರ್ಧಕದ ಕೆಲಸಕ್ಕೂ ಪ್ರಕಟಣೆಗೂ ನಮ್ಮ ಸೇವೆ ಅಗತ್ಯವಿಲ್ಲವಂತೆ. ಕೆಳಗೆ ರಬ್ಬರ್ ಸ್ಟಾಂಪು, ನಿಜವಾದದ್ದು. ಅಧ್ಯಕ್ಷರು ಹೋದಲ್ಲೆಲ್ಲ ಆ ಹೆಂಗಸಿಗೆ ವಯಸ್ಸಾಯಿತು, ಕಣ್ಣು ಕಾಣಿಸುವುದಿಲ್ಲ, ಸಂಖ್ಯೆ ತಪ್ಪಿ ಓದುತ್ತಾಳೆ ಅನ್ನುತ್ತಿದ್ದಾರೆ. ಹಾಗಾದರೆ ಶನಿವಾರ ಓದಿದ್ದೂ ತಪ್ಪೇ ಇರಬೇಕಲ್ಲ ಎಂದು ಕ್ಷೌರದಂಗಡಿಯವನು ಎಲ್ಲರ ಮುಂದೆ ಕೇಳಿದನಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು.

ಮೇಷ್ಟರ ಮನೆಗೆ ಜನ ಹೋದರು. ಮೊದಲು ಇಬ್ಬರು, ಮೂವರು, ಆಮೇಲೆ ಸಾಲು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದೇ ನಾನು ಭಾವಿಸಿದ್ದೆ. ಇಲ್ಲ, ಕೇಳಿದವರಿಗೆಲ್ಲ ತೊಂಬತ್ತೊಂದು, ಎಪ್ಪತ್ತೆಂಟು ಎಂದೇ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೂ ಧೈರ್ಯ ಬಂದಿರಬೇಕು, ಸಂಗೀತ ಶಾಲೆಗೆ ತಮ್ಮ ಕೈಯಾರೆ ಅಂಕಪಟ್ಟಿ ಬರೆದು ಸಹಿ ಹಾಕಿ ಕಳಿಸಿದರು. ಶಾಲೆಯವರು ಇಬ್ಬರು ಹುಡುಗಿಯರನ್ನೂ ಕರೆಸಿ ಹೋದ ಶುಕ್ರವಾರ ಮತ್ತೆ ಹಾಡಿಸಿದರು. ಅಧ್ಯಕ್ಷರ ತಂಗಿಯ ಮಗಳು ಅಲ್ಲಿ ಹಾಡಲೇ ಇಲ್ಲವಂತೆ, ನನಗೆ ಈ ಸೀಟು ಬೇಡ ಎಂದಳಂತೆ. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳನ್ನೂ ಇವರು ಕೇಳಿ ಮಾಡಿದ್ದಲ್ಲ. ಕಡ್ಡಿ ಹಾಡಿದಳು. ಜೂನ್ ಎರಡಕ್ಕೆ ಹೊರಡುತ್ತಾಳೆ.

ಎಲ್ಲ ಸರಿಹೋಯಿತಲ್ಲ, ಇನ್ನೂ ಯಾಕಮ್ಮ ಸಿಟ್ಟು ಅನ್ನುತ್ತೀಯ. ಏನು ಸರಿಹೋಯಿತು? ರಬ್ಬರ್ ಸ್ಟಾಂಪ್ ಅದೇ ಕುರ್ಚಿಯಲ್ಲಿ ಕೂತು ನಾಯಿಗಳ ಪಟ್ಟಿ ಬರೆಯುತ್ತಿದ್ದಾನೆ. ಊರಿನವರು ಮಾರುಕಟ್ಟೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು ಒಳ್ಳೇ ಕೆಲಸ ಮಾಡಿದಿರಿ ಎಂದು ಪಿಸುಗುಟ್ಟುತ್ತಾರೆ. ಒಳ್ಳೆಯದಾದರೆ ಪಿಸುಗುಟ್ಟುವುದು ಯಾಕೆ? ಶನಿವಾರ ಸಭೆಯಲ್ಲಿ ನಾನೂರು ಜನ ಕಿವಿಯಾರೆ ಕೇಳಿದ್ದರು, ಅವರಲ್ಲಿ ಒಬ್ಬರೂ ಎದ್ದು ಇದೇನು ಅನ್ಯಾಯ ಅನ್ನಲಿಲ್ಲ. ಎಲ್ಲರ ಮೇಲೂ ಕೋಪ ನನಗೆ. ಹಾಲಿನವನ ಮೇಲೂ ರೇಗುತ್ತೇನೆ, ಪಾಪ, ಅವನು ಆ ದಿನ ಊರಲ್ಲೇ ಇರಲಿಲ್ಲ.

ಇಸ್ತ್ರಿಯಂಗಡಿಯವಳು ಮೊನ್ನೆ ನಮ್ಮ ಬಟ್ಟೆ ತಂದುಕೊಟ್ಟಳು. ಏನಾದರೂ ಹೇಳುತ್ತಾಳೆಂದು ಕಾದೆ. ನಿಮ್ಮೆಜಮಾನರ ನೀಲಿ ಅಂಗಿಯ ಗುಂಡಿ ಸಡಿಲವಾಗಿತ್ತು, ಹೊಲಿದಿದ್ದೇನೆ ಎಂದಷ್ಟೇ ಹೇಳಿ ಹೋದಳು. ನಿಮ್ಮಪ್ಪ ಆ ಅಂಗಿಯನ್ನು ಆಗಲೇ ಹಾಕಿಕೊಂಡರು. ಪೆಟ್ಟಿಗೆಗಳನ್ನು ಒರೆಸಿ ಜೋಡಿಸಿಟ್ಟು ಈಗ ರೇಡಿಯೋ, ಮಿಕ್ಸಿ ರಿಪೇರಿ ಎಂದು ಬೋರ್ಡು ಬರೆಸುತ್ತಿದ್ದಾರೆ. ನಮ್ಮ ಬಗ್ಗೆ ಚಿಂತೆ ಮಾಡಬೇಡ. ಹೇಡಿ ಅಂದದ್ದಕ್ಕೆ ಕ್ಷಮೆ ಕೇಳಿದೆ. ಯಾವಾಗ ಅಂದಿದ್ದೆ ಎಂದು ಕೇಳಿದರು.

ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು. ಮರಿಯ ಕೆನ್ನೆಗೆ ನನ್ನ ಪರವಾಗಿ ಎರಡು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆನ್ನು ನೋವಿಗೆ ಔಷಧಿ ತಪ್ಪಿಸಬೇಡ. ಒಳ್ಳೆಯದಾಗಲಿ ನನ್ನ ಕಂದ.

ಇಂತಿ,
ನಿನ್ನ ಅಮ್ಮ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದ್ದೇನೆ. ಹರಿದುಹಾಕಿದ ಎರಡು ಪತ್ರಗಳಲ್ಲೂ ಇದು ಇರಲಿಲ್ಲ.

ನಿನಗೆ ಹದಿನೈದು ವರ್ಷವಾಗಿದ್ದಾಗ ಇದೇ ಸ್ಪರ್ಧೆಗೆ ನೀನು ಅರ್ಜಿ ತುಂಬಿ ನನ್ನ ಕೈಗೆ ಕೊಟ್ಟಿದ್ದೆ. ಹೇಗೂ ಪುರಭವನಕ್ಕೆ ಹೋಗುತ್ತೀಯಲ್ಲ ಅಮ್ಮ, ಕೊಟ್ಟು ಬಾ ಅಂದಿದ್ದೆ. ವಾರದ ನಂತರ ನಾನು ಬಂದು, ಈ ಸಲ ತುಂಬ ಅರ್ಜಿ ಬಂದಿದ್ದವಂತೆ, ನಿನ್ನದು ಆಯ್ಕೆಯಾಗಲಿಲ್ಲವಂತೆ ಎಂದೆ. ನೀನು ಸರಿ ಅಂದೆ. ಅಳಲೂ ಇಲ್ಲ. ಅದಾದ ಮೇಲೆ ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ನೀನು ಹಾಡಿದ್ದನ್ನು ನಾನು ಕೇಳಲಿಲ್ಲ. ನಿನ್ನ ಮಗುವನ್ನು ಮಲಗಿಸುವಾಗಲೂ ಬೆನ್ನು ತಟ್ಟುತ್ತೀಯೇ ಹೊರತು ಹಾಡುವುದಿಲ್ಲ.

ಅರ್ಜಿಯನ್ನು ನಾನು ಕೊಡಲೇ ಇಲ್ಲ. ಮೈಕಿನವಳ ಮಗಳು ಗೆದ್ದರೆ ಜನ ಏನಂದಾರು, ಸಂಘದವರು ಮುಖ ತಿರುಗಿಸಿದರೆ ಕೆಲಸ ಹೋದೀತು ಎಂದು ಹೆದರಿದೆ. ಯಾರೂ ಹಾಗೆ ಹೇಳಿರಲಿಲ್ಲ. ಹೇಳುವ ಮೊದಲೇ ಹೆದರಿದೆ. ನಿನ್ನ ಹಾಡನ್ನು ಯಾರೂ ತಳ್ಳಿಹಾಕಲಿಲ್ಲ ಮಗಳೇ, ಯಾರೂ ಕೇಳಿಯೇ ಇರಲಿಲ್ಲ. ಇದು ನಿಮ್ಮಪ್ಪನಿಗೂ ಗೊತ್ತಿಲ್ಲ. ಹದಿನೆಂಟು ವರ್ಷದಿಂದ ಆ ಅರ್ಜಿಯನ್ನು ನನ್ನ ಬಟ್ಟೆಗಳ ಕೆಳಗೆ ಇಟ್ಟುಕೊಂಡಿದ್ದೆ. ಇದರ ಜೊತೆ ಕಳಿಸುತ್ತಿದ್ದೇನೆ. ಹೆಸರು, ವಯಸ್ಸು, ಹಾಡಲಿರುವ ಹಾಡು, ಎಲ್ಲವನ್ನೂ ಎಷ್ಟು ದುಂಡಗೆ ಬರೆದಿದ್ದೀಯ ನೋಡು.